ಹೆಸರು ಗೊತ್ತಿರುವ ಜಗತ್ತಿನ ಮೊದಲ ಕವಿ ಯಾರು?

ಎನ್ಹೆಡುವಾನ್ನಾ. ಹೆಂಗಸು, ಅದೂ ಸುಮಾರು ಕ್ರಿ.ಪೂ. 2300ರಲ್ಲಿ! ಅಕ್ಕಾಡ್ ಅನ್ನೋ ಹಳೇ ರಾಜ್ಯದ ದೊರೆ ಸಾರ್ಗಾನ್ ಮಗಳು, ಈಗಿನ ಇರಾಕ್‌ನಲ್ಲಿರುವ ಉರ್ ಪಟ್ಟಣದಲ್ಲಿ ಚಂದ್ರದೇವರ ಮುಖ್ಯ ಪೂಜಾರಿಣಿ. (ಆ ದೇವರ ಹೆಸರು ನನ್ನ. ನಮ್ಮ 'ನನ್ನ'ಕ್ಕೂ ಅದಕ್ಕೂ ಸಂಬಂಧ ಇಲ್ಲ, ಸುಮ್ನೆ ಹೇಳಿದೆ.)

1927ರಲ್ಲಿ ಪುರಾತತ್ವಜ್ಞ ಲಿಯೊನಾರ್ಡ್ ವೂಲಿ ಉರ್‌ನಲ್ಲಿ ಅಗೆಯುವಾಗ ಒಡೆದುಹೋದ ಒಂದು ಕಲ್ಲಿನ ಬಿಲ್ಲೆ ಸಿಕ್ಕಿತು. ಒಂದು ಕಡೆ ಪೂಜೆ ಮಾಡಿಸುತ್ತಿರುವ ಆಕೆಯ ಚಿತ್ರ, ಹಿಂದುಗಡೆ ಆಕೆಯ ಹೆಸರು. ಹಾಗಾಗಿ ಆಕೆ ನಿಜವಾಗಿ ಇದ್ದಳು ಅನ್ನೋದರಲ್ಲಿ ಅನುಮಾನವಿಲ್ಲ. ಬಿಲ್ಲೆ ಈಗ ಫಿಲಡೆಲ್ಫಿಯಾದ ಪೆನ್ ಮ್ಯೂಸಿಯಂನಲ್ಲಿದೆ.

ತಕರಾರು ಇರೋದು ಪದ್ಯಗಳ ಬಗ್ಗೆ. ಇನಾನ್ನಾ ದೇವಿಯನ್ನು ಹೊಗಳುವ ಪದ್ಯದಲ್ಲಿ 'ನಾನು ಎನ್ಹೆಡುವಾನ್ನಾ' ಅಂತಲೇ ಬರುತ್ತದೆ, ಲುಗಲ್‌ಅನೆ ಎಂಬವನು ತನ್ನನ್ನು ಗುಡಿಯಿಂದ ಓಡಿಸಿದ ಸಂಕಟವೂ ಇದೆ. ಇದನ್ನು ಹ್ಯಾಲೋ ಮತ್ತು ವಾನ್ ಡೈಕ್ ಎಂಬ ವಿದ್ವಾಂಸರು 1968ರಲ್ಲಿ ಇಂಗ್ಲಿಷ್ ಅನುವಾದದೊಂದಿಗೆ ಪ್ರಕಟಿಸಿದರು. ಆದರೆ ನಮಗೆ ಸಿಕ್ಕಿರುವ ಮಣ್ಣಿನ ಹಲಗೆಗಳು ಹೆಚ್ಚಾಗಿ ಆಕೆ ಸತ್ತು ಸುಮಾರು 500 ವರ್ಷವಾದ ಮೇಲೆ ಶಾಲೆ ಹುಡುಗರು ಮಾಡಿಕೊಂಡ ನಕಲುಗಳು. ಬೇರೆ ಯಾರೋ ಬರೆದು ಆಕೆಯ ಹೆಸರು ಹಾಕಿರಬಹುದು ಅಂತ ಕೆಲವು ವಿದ್ವಾಂಸರು ವಾದಿಸುತ್ತಾರೆ. ನನಗೇನೋ ಆ ಸಂಕಟದ ಸಾಲುಗಳು ಆಕೆಯವೇ ಅನ್ನಿಸುತ್ತೆ.