ಕ್ರಿಸ್‌ಮಸ್ ಕೇಕ್: ಮೊದಲೇ ಮಾಡಿಡುವುದು ಹೇಗೆ?

ಪ್ರಶ್ನೆ: ಡಿಸೆಂಬರ್ ಮೂರನೆಯ ವಾರ ನಮ್ಮ ಮನೆಯಲ್ಲಿ ನೆವ್ರಿ, ಕಿಡಿಯೊ, ಗುಳಿಯೊ ಎಂದು ಕುಸ್ವಾರ್ (ಕ್ರಿಸ್‌ಮಸ್ ತಿಂಡಿಗಳ) ಕೆಲಸವೇ ಮುಗಿಯುವುದಿಲ್ಲ. ಪ್ಲಮ್ ಕೇಕನ್ನು ತಿಂಗಳ ಮೊದಲೇ ಮಾಡಿಟ್ಟರೆ ಕೆಡುವುದಿಲ್ಲವೇ? ಮನೆಯ ಹಿರಿಯರಿಗೆ ರಮ್ ಬೇಡ. ಹಣ್ಣುಗಳನ್ನು ಕಿತ್ತಳೆ ರಸದಲ್ಲಿ ನೆನೆಸಿದರೆ ಅಷ್ಟೇ ದಿನ ಇಡಬಹುದೇ?
– ಓದುಗರೊಬ್ಬರು, ಮಂಗಳೂರು

ಉತ್ತರ: ರಮ್ ಹಾಕಿದ ಕೇಕ್ ಒಂದು ತಿಂಗಳು ಧಾರಾಳವಾಗಿ ನಿಲ್ಲುತ್ತದೆ. ರಸದ ಕೇಕ್ ಹಾಗೆ ನಿಲ್ಲುವುದಿಲ್ಲ. ಒಣದ್ರಾಕ್ಷಿ, ಖರ್ಜೂರಗಳಲ್ಲಿ ಸಕ್ಕರೆ ಹೆಚ್ಚು, ನೀರು ಕಡಿಮೆ. ಅದರ ಮೇಲೆ ರಮ್‌ನ ಆಲ್ಕೊಹಾಲ್ ಸೇರಿದರೆ ಬೂಸ್ಟು ಬೆಳೆಯಲು ಆಸ್ಪದವಿರುವುದಿಲ್ಲ. ಹೀಗಾಗಿಯೇ ಅನೇಕ ಮನೆಗಳಲ್ಲಿ ಅಕ್ಟೋಬರ್‌ನಲ್ಲಿಯೇ ಹಣ್ಣುಗಳನ್ನು ತೊಳೆದು, ಪೂರ್ತಿ ಆರಿಸಿ, ಹೆಚ್ಚಿ, ತೇವವಿಲ್ಲದ ಗಾಜಿನ ಜಾಡಿಯಲ್ಲಿ ರಮ್ ಸುರಿದು ಇಟ್ಟುಬಿಡುತ್ತಾರೆ. ಗೋಡಂಬಿ, ಬಾದಾಮಿಗಳನ್ನು ಮಾತ್ರ ಆ ಜಾಡಿಗೆ ಹಾಕಬೇಡಿ. ನೆನೆದು ಮೆತ್ತಗಾಗುವ ಅವನ್ನು ಕೇಕ್ ಕಲಸುವ ದಿನವೇ ಸೇರಿಸುವುದು ಒಳ್ಳೆಯದು. ಬೆಂದ ಕೇಕ್ ಪೂರ್ತಿ ತಣಿದ ಮೇಲೆ ಬಟರ್ ಪೇಪರ್‌ನಲ್ಲಿ ಸುತ್ತಿ, ಅದರ ಮೇಲೆ ಫಾಯಿಲ್ ಸುತ್ತಿ ಗಾಳಿಯಾಡದ ಡಬ್ಬಿಯಲ್ಲಿಡಿ, ವಾರಕ್ಕೊಮ್ಮೆ ಬಿಚ್ಚಿ ಒಂದೆರಡು ಚಮಚ ರಮ್ ಹನಿಸಿ.

ಕಿತ್ತಳೆ ರಸಕ್ಕೆ ಈ ಕಾಪಾಡುವ ಗುಣವಿಲ್ಲ. ಅದರಲ್ಲಿ ನೆನೆದ ಹಣ್ಣು ಫ್ರಿಜ್‌ನಲ್ಲಿದ್ದರೂ ಕೆಲವೇ ದಿನಗಳಲ್ಲಿ ಹುಳಿಯುತ್ತದೆ. ಕರಾವಳಿಯ ಸೆಕೆಯಲ್ಲಿ ಹೊರಗಿಡುವ ಮಾತೇ ಬೇಡ. ಹಾಗೆಂದು ನೀವು ಕೇಕನ್ನು ಕೊನೆಯ ವಾರಕ್ಕೆ ಉಳಿಸಿಕೊಳ್ಳಬೇಕಾಗಿಲ್ಲ. ಹಣ್ಣುಗಳನ್ನು ರಸದಲ್ಲಿ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕುದಿಸಿ, ಆರಿಸಿ, ರಾತ್ರಿ ಫ್ರಿಜ್‌ನಲ್ಲಿಟ್ಟು ಮರುದಿನ ಕೇಕ್ ಮಾಡಿದರೆ ದೀರ್ಘಕಾಲ ನೆನೆಸಿದ ಹಣ್ಣಿನಷ್ಟೇ ಮೃದುವಾಗಿರುತ್ತದೆ. ಡಿಸೆಂಬರ್ ಮೊದಲ ವಾರವೇ ಇದನ್ನು ಮುಗಿಸಿ, ಕೇಕನ್ನು ಬಿಗಿಯಾಗಿ ಸುತ್ತಿ ಫ್ರೀಜರ್‌ಗೆ ಸೇರಿಸಿ. ಹಿರಿಯರ ಮಾತಿಗೂ ಬೆಲೆ ಬರುತ್ತದೆ, ನಿಮ್ಮ ಕುಸ್ವಾರ್‌ಗೂ ಸಮಯ ಸಿಗುತ್ತದೆ. ಬಣ್ಣಕ್ಕೆಂದು ಬಳಸುವ ಸುಟ್ಟ ಸಕ್ಕರೆಯ ಪಾಕವನ್ನಂತೂ ಯಾರು ಬೇಕಾದರೂ ವಾರಗಳ ಮೊದಲೇ ಮಾಡಿ ಬಾಟಲಿಯಲ್ಲಿ ಇಟ್ಟುಕೊಳ್ಳಬಹುದು.

ಪ್ರಶ್ನೆ: ಕ್ರೀಮ್ ಕೇಕ್‌ಗೆಂದು ಮೊದಲೇ ಮಾಡಿದ ಸ್ಪಂಜ್, ಫ್ರಿಜ್‌ನಲ್ಲಿ ಎರಡೇ ದಿನಕ್ಕೆ ಒಣಗಿದಂತಾಗುತ್ತದೆ. ಅದರ ಬದಲು ಹಿಟ್ಟು ಕಲಸಿಟ್ಟು ಮರುದಿನ ಬೇಯಿಸಬಹುದೇ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ಸೋಡಾ ಹುಳಿಯೊಡನೆ ಸೇರಿದ ಕ್ಷಣದಿಂದಲೇ ಗುಳ್ಳೆ ಬಿಡತೊಡಗುತ್ತದೆ, ಬಡಿದ ಮೊಟ್ಟೆಯೊಳಗಿನ ಗಾಳಿಯೂ ಹೊತ್ತು ಕಳೆದಂತೆ ಹೊರಟುಹೋಗುತ್ತದೆ. ಮರುದಿನ ಉಬ್ಬಲು ಆ ಹಿಟ್ಟಿನಲ್ಲಿ ಶಕ್ತಿ ಉಳಿದಿರುವುದಿಲ್ಲ. ಮೈದಾ, ಬೇಕಿಂಗ್ ಪೌಡರ್, ಕೋಕೊಗಳನ್ನು ಜರಡಿ ಹಿಡಿದು ಡಬ್ಬಿಯಲ್ಲಿಟ್ಟುಕೊಂಡರೆ ಅರ್ಧ ಕೆಲಸ ಮುಗಿದಂತೆಯೇ.

ಸ್ಪಂಜ್ ಒಣಗುವುದಕ್ಕೆ ಕಾರಣ ಫ್ರಿಜ್. ಬೆಂದ ಮೈದಾದ ಪಿಷ್ಟ ತಣಿದ ಮೇಲೆ ಮತ್ತೆ ಗಟ್ಟಿಯಾಗುತ್ತಾ ಹೋಗುತ್ತದೆ. ಹೊರಗಿನ ಹವೆಗಿಂತ ಫ್ರಿಜ್‌ನ ತಣ್ಪಿನಲ್ಲಿ ಇದು ಇನ್ನೂ ಬೇಗ ನಡೆಯುತ್ತದೆ, ಆದರೆ ಫ್ರೀಜರ್‌ನ ಮೈನಸ್ 18 ಡಿಗ್ರಿಯಲ್ಲಿ ಬಹುಮಟ್ಟಿಗೆ ನಿಂತುಬಿಡುತ್ತದೆ. ಆದ್ದರಿಂದ ಪೂರ್ತಿ ತಣಿದ ಸ್ಪಂಜನ್ನು ಕ್ಲಿಂಗ್ ಫಿಲ್ಮ್‌ನಲ್ಲಿ ಎರಡು ಸುತ್ತು ಸುತ್ತಿ, ಫಾಯಿಲ್ ಹೊದಿಸಿ ಫ್ರೀಜರ್‌ನಲ್ಲಿಡಿ. ಒಂದು ತಿಂಗಳವರೆಗೆ ರುಚಿ ಕೆಡದು. ಹೊರತೆಗೆದಾಗ ಸುತ್ತಿದ್ದನ್ನು ಬಿಚ್ಚದೆ ಹಾಗೆಯೇ ಕರಗಲು ಬಿಡಿ, ಆಗ ಗಾಳಿಯ ತೇವ ಕೇಕ್ ಮೇಲಲ್ಲದೆ ಸುತ್ತಿದ ಹಾಳೆಯ ಮೇಲೆ ಕೂರುತ್ತದೆ. ಪದರಗಳನ್ನು ಕತ್ತರಿಸುವುದಿದ್ದರೆ ಅರೆಬರೆ ಕರಗಿರುವಾಗಲೇ ಕತ್ತರಿಸಿ, ಪುಡಿ ಉದುರುವುದಿಲ್ಲ. ಕ್ರೀಮನ್ನು ಹಬ್ಬದ ಹಿಂದಿನ ಸಂಜೆ ಹಚ್ಚಿ ಫ್ರಿಜ್‌ನಲ್ಲಿಟ್ಟರೆ ಸಾಕು.