ಸಹಾಯಕಿಯೇ ಮುಖ್ಯಸ್ಥೆಯಾದಾಗ

ಇದೇ ತೊಡಕನ್ನು ಹೊತ್ತು ನನ್ನ ಬಳಿ ಸಲಹೆಗೆ ಬಂದವರಲ್ಲಿ ಇವರು ಮೂರನೆಯವರು. ಮೊದಲಿಬ್ಬರಲ್ಲಿ ಒಬ್ಬರು ನರ್ಸ್, ಇನ್ನೊಬ್ಬರು ಲ್ಯಾಬ್ ತಂತ್ರಜ್ಞ. ನಿನ್ನೆಯವರೆಗೆ ಯಾರ ಮಾತು ಕೇಳುತ್ತಿದ್ದರೋ ಅವರಿಗೇ ಕೆಲಸ ಹೇಳಬೇಕಾದ ಸ್ಥಾನಕ್ಕೆ ಏರಿದವರು. ಅವರಿಗೆ ನಾನು ‘ಧೈರ್ಯವಾಗಿ ಮಾತನಾಡಿ’ ಎಂದಷ್ಟೇ ಹೇಳಿ ಕಳುಹಿಸಿದ್ದೆ. ಅದು ಅರ್ಧ ಸಲಹೆ ಮಾತ್ರ ಎಂದು ಈ ಪ್ರಕರಣದಲ್ಲಿ ಅರಿವಾಯಿತು. ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರ ಬದಲಿಸಿ ಬರೆಯುತ್ತಿದ್ದೇನೆ.

ಹಾಸನದ ಕಡೆಯವರು, ವಯಸ್ಸು ನಲವತ್ತರ ಆಸುಪಾಸು. ಮದುವೆಯಾಗಿ ಅಮೆರಿಕಕ್ಕೆ ಹೋಗಿ, ಮಕ್ಕಳು ಶಾಲೆಗೆ ಸೇರಿದ ಮೇಲೆ ಎರಡು ವರ್ಷ ಓದಿ ಆಕ್ಯುಪೇಷನಲ್ ಥೆರಪಿ ಅಸಿಸ್ಟೆಂಟ್ ಆದರು. ಪಾರ್ಶ್ವವಾಯು ಬಡಿದವರಿಗೆ, ಸೊಂಟದ ಮೂಳೆ ಮುರಿದವರಿಗೆ ಮತ್ತೆ ಅಂಗಿ ತೊಡುವುದನ್ನು, ಸ್ನಾನ ಮಾಡುವುದನ್ನು, ತುತ್ತು ಎತ್ತುವುದನ್ನು ಕಲಿಸುವ ಕೆಲಸ. ಎಂಟು ವರ್ಷ ಕಳೆದ ಮೇಲೆ, ಅವರು ಕೆಲಸ ಮಾಡುತ್ತಿದ್ದ ಶುಶ್ರೂಷಾ ಕೇಂದ್ರ ಅವರನ್ನೇ ಪುನರ್ವಸತಿ ವಿಭಾಗದ ಮುಖ್ಯಸ್ಥೆಯನ್ನಾಗಿ ಮಾಡಿತು.

ಗಂಟು ಇರುವುದು ಇಲ್ಲೇ. ಅಲ್ಲಿ ರೋಗಿಯನ್ನು ಪರೀಕ್ಷಿಸಿ ಚಿಕಿತ್ಸೆಯ ಯೋಜನೆ ರೂಪಿಸುವ ಹೊಣೆ ಥೆರಪಿಸ್ಟ್‌ನದು. ಅಸಿಸ್ಟೆಂಟ್ ತಾನು ಕಂಡದ್ದನ್ನು ತಿಳಿಸಬಹುದು, ಯೋಜನೆಯನ್ನು ನಡೆಸಬಹುದು. ಅದೂ ಥೆರಪಿಸ್ಟ್‌ನ ಮೇಲ್ವಿಚಾರಣೆಯಲ್ಲಿ. ಮುಖ್ಯಸ್ಥೆಯ ಕುರ್ಚಿ ಸಿಕ್ಕ ಮಾತ್ರಕ್ಕೆ ಈ ನಿಯಮ ಬದಲಾಗದು. ಥೆರಪಿಸ್ಟ್‌ನ ರಜೆ ಮಂಜೂರು ಮಾಡುವವರು ಇವರು. ರೋಗಿಯ ಹಾಸಿಗೆಯ ಬಳಿ ಇವರ ಕೆಲಸದ ಮೇಲೆ ಕಣ್ಣಿಡುವವರು ಅವರು.

ಮೂರನೆಯ ಭೇಟಿಯಲ್ಲಿ, ಹಿಂದಿನ ಎರಡು ತಿಂಗಳ ವಾರಾಂತ್ಯದ ಪಾಳಿ ಪಟ್ಟಿಯನ್ನು ಗಟ್ಟಿಯಾಗಿ ಓದಿ ಎಂದೆ. ವಿಡಿಯೊದ ಆ ಬದಿಯಲ್ಲಿ ಕನ್ನಡಕ ಹಾಕಿಕೊಂಡು ಶುರು ಮಾಡಿದರು. “ಶನಿವಾರ ನಾನು. ಭಾನುವಾರ ನಾನು. ಮುಂದಿನ ಶನಿವಾರ ನಾನು...” ಐದನೆಯ ವಾರಕ್ಕೆ ಬರುವಾಗ ದನಿ ಇಳಿದು ನಿಂತೇ ಹೋಯಿತು.

“ಕೇಳಿದರೆ ಆಗುವುದಿಲ್ಲ ಎನ್ನುತ್ತಾರೆ ಮೇಡಂ. ಅವರೆಲ್ಲ ನನಗಿಂತ ಹೆಚ್ಚು ಓದಿದವರು. ಅಸಿಸ್ಟೆಂಟ್ ಕೊಟ್ಟ ಚಿಕಿತ್ಸೆಗೆ ಮೆಡಿಕೇರ್‌ನ ಪಾರ್ಟ್ ಬಿ ಕೊಡುವುದೇ ಥೆರಪಿಸ್ಟ್ ಕೊಟ್ಟರೆ ಸಿಗುವ ಹಣದ ಶೇ 85. ನನ್ನನ್ನು ಕಂಡಾಗ ಎಲ್ಲರಿಗೂ ಆ 85 ಕಾಣಿಸುತ್ತದೆ.”

ಮೆಡಿಕೇರ್ ಎಂದರೆ ಮುಖ್ಯವಾಗಿ ಹಿರಿಯರಿಗಾಗಿ ಅಮೆರಿಕ ಸರ್ಕಾರ ನಡೆಸುವ ಆರೋಗ್ಯ ವಿಮೆ, ಪಾರ್ಟ್ ಬಿ ಅದರ ಒಂದು ಭಾಗ. 2022ರಲ್ಲಿ ಜಾರಿಗೆ ಬಂದ ಆ ದರ ಒಂದು ಲೆಕ್ಕಪತ್ರದ ಸಂಗತಿ. ಅದು ಮನುಷ್ಯರ ಎದೆಯೊಳಗೆ ಹೀಗೆ ಇಳಿದು ಕೂರುತ್ತದೆ ಎಂದು ನಾನು ಎಣಿಸಿರಲಿಲ್ಲ.

“ತಂಡದ ಎದುರು ಎಲ್ಲಾದರೂ ಪಟ್ಟು ಹಿಡಿದದ್ದು ಉಂಟೇ?” ಎಂದು ಕೇಳಿದೆ. ಮುಖ ಅರಳಿತು. ಪಾರ್ಶ್ವವಾಯುವಿನಿಂದ ಎಡಬದಿಯ ಗಮನವನ್ನೇ ಕಳೆದುಕೊಂಡ ಹಿರಿಯರೊಬ್ಬರಿದ್ದಾರೆ. ತಟ್ಟೆಯ ಬಲ ಅರ್ಧವನ್ನು ಮಾತ್ರ ಉಣ್ಣುತ್ತಾರೆ. ಎಡ ಅರ್ಧ ಬಡಿಸಿದ ಹಾಗೆಯೇ ಉಳಿದಿರುತ್ತದೆ. ಅವರನ್ನು ಗುಂಪು ಚಿಕಿತ್ಸೆಗೆ, ಅಂದರೆ ಹಲವರಿಗೆ ಒಟ್ಟಿಗೆ ಕೊಡುವ ಚಿಕಿತ್ಸೆಗೆ, ಸೇರಿಸಬೇಕೆಂದು ಸಂಸ್ಥೆಯ ಪ್ರಾದೇಶಿಕ ಕಚೇರಿಯ ಒತ್ತಡ. ಥೆರಪಿಸ್ಟ್ ಒಪ್ಪಲಿಲ್ಲ: ನಾಲ್ಕು ಜನರ ನಡುವೆ ಈ ರೋಗಿಯ ಗಮನ ಚದುರುತ್ತದೆ, ಇವರೊಬ್ಬರಿಗೇ ಪ್ರತ್ಯೇಕವಾಗಿ ಕೊಡಬೇಕು ಎಂದರು. ಈಕೆ ಬಿಡಲಿಲ್ಲ. “ಇಲ್ಲಿ ಮುಖ್ಯಸ್ಥೆ ನಾನು ಎಂದೆ ಮೇಡಂ. ಆತ, ‘ಈ ವಿಷಯದಲ್ಲಿ ನಿಮ್ಮ ಮೇಲ್ವಿಚಾರಕ ನಾನು’ ಎಂದುಬಿಟ್ಟ. ಎಲ್ಲರ ಮುಂದೆ.”

ಆ ಅವಮಾನಕ್ಕಾಗಿಯೇ ಅವರು ನನ್ನ ಬಳಿ ಬಂದದ್ದು ಎಂದು ಆಗ ತಿಳಿಯಿತು. “ಆತ ಹೇಳಿದ್ದು ಸರಿ” ಎಂದೆ. ಬಹಳ ಹೊತ್ತು ಇಬ್ಬರೂ ಮಾತನಾಡಲಿಲ್ಲ.

ಬಗ್ಗಬಾರದ ಕಡೆ ಬಗ್ಗಿದ್ದರು, ಬಗ್ಗಬೇಕಾದ ಕಡೆ ಸೆಟೆದು ನಿಂತಿದ್ದರು. ಪಾಳಿ ಹಂಚುವುದು ಪೂರ್ತಿ ಅವರ ಅಧಿಕಾರ. ಅಲ್ಲಿ ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವ ಸೊಸೆಯಂತೆ ನಡೆದುಕೊಂಡರು. ಆ ನೋವೆಲ್ಲ ರೋಗಿಯ ಯೋಜನೆಯ ಮೇಲೆ ತಿರುಗಿತು. ಮೆಡಿಕೇರ್ 2019ರ ಅಕ್ಟೋಬರ್‌ನಲ್ಲಿ ತಂದ ಪಾವತಿ ಪದ್ಧತಿಯಲ್ಲಿ ಗುಂಪು ಚಿಕಿತ್ಸೆಯೂ ಇಬ್ಬರಿಗೆ ಒಟ್ಟಿಗೆ ಕೊಡುವ ಚಿಕಿತ್ಸೆಯೂ ಸೇರಿ, ಒಬ್ಬ ರೋಗಿಗೆ ಸಿಗುವ ಆಯಾ ಬಗೆಯ ಥೆರಪಿಯ ಒಟ್ಟು ಹೊತ್ತಿನ ಶೇ 25 ಮೀರಬಾರದು ಎಂದಿದೆ. ಅದು ಮಿತಿ. ಅದನ್ನೇ ಗುರಿಯೆಂದು ಕಚೇರಿ ಒತ್ತಿದಾಗ, ಮುಖ್ಯಸ್ಥೆ ಎದುರು ನಿಲ್ಲಬೇಕಾದದ್ದು ಕಚೇರಿಗೆ.

ನಾನು ಕೊಟ್ಟ ಸಲಹೆ ಇಷ್ಟು. ನಾಳೆಯೇ ಥೆರಪಿಸ್ಟ್ ಬಳಿ ಹೋಗಿ ‘ಯೋಜನೆ ನಿಮ್ಮದು, ನಾನು ಒತ್ತಬಾರದಿತ್ತು’ ಎನ್ನಿ. ಗುಂಪು ಏಕೆ ಬೇಡ ಎಂಬುದನ್ನು ಅವರಿಂದಲೇ ಬರೆಸಿಕೊಂಡು, ಪ್ರಾದೇಶಿಕ ವ್ಯವಸ್ಥಾಪಕರಿಗೆ ನಿಮ್ಮ ಹೆಸರಿನಲ್ಲಿ ಕಳುಹಿಸಿ. ಅದೇ ವಾರದ ಸಭೆಯಲ್ಲಿ ಆರು ವಾರಗಳ ಪಾಳಿ ಪಟ್ಟಿ ಗೋಡೆಗೆ ಅಂಟಲಿ. ಸರದಿಯಲ್ಲಿ ಎಲ್ಲರ ಹೆಸರಿರಲಿ, ನಿಮ್ಮದೂ ಒಂದು ಸಲ. ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು ಬೇಡಿಕೊಳ್ಳಬೇಡಿ. ನೀವು ಕೊಡುವ ಚಿಕಿತ್ಸೆಯ ಬಗ್ಗೆ ಆತ ಮಾತನಾಡುವ ಹೊತ್ತು ಬೇರೆ, ಆತನ ಹಾಜರಿಯ ಬಗ್ಗೆ ನೀವು ಮಾತನಾಡುವ ಹೊತ್ತು ಬೇರೆ ಇರಲಿ.

ಇದನ್ನು ಕೇಳಿದ ಸಹೋದ್ಯೋಗಿಯೊಬ್ಬರು, “ಮೊದಲೇ ಕುಗ್ಗಿದ ಹೆಣ್ಣುಮಗಳನ್ನು ತಪ್ಪೊಪ್ಪಿಗೆಗೆ ಕಳುಹಿಸಿದಿರಾ?” ಎಂದು ಆಕ್ಷೇಪಿಸಿದರು. ಆ ಮಾತು ನನ್ನನ್ನು ಎರಡು ರಾತ್ರಿ ಕಾಡಿತು. ಆದರೂ ನನ್ನ ಸಲಹೆಯನ್ನು ನಾನು ಹಿಂತೆಗೆದುಕೊಳ್ಳುವುದಿಲ್ಲ. ಆ ತಪ್ಪನ್ನು ಹಾಗೇ ಬಿಟ್ಟು ಪಾಳಿಗೆ ಮಾತ್ರ ಗಟ್ಟಿಯಾಗಿದ್ದರೆ, ತಂಡಕ್ಕೆ ಅದೂ ಕುರ್ಚಿಯ ದರ್ಪವೆಂದೇ ಕಾಣುತ್ತಿತ್ತು. ನಡುವೆ ಸೊರಗುತ್ತಿದ್ದದ್ದು ಆ ಹಿರಿಯರು.

ಪಾಳಿ ಪಟ್ಟಿಗೆ ಮುನಿದು ಒಬ್ಬರು ಕೆಲಸ ಬಿಟ್ಟರು. ಪ್ರಾದೇಶಿಕ ಕಚೇರಿ ಇನ್ನೂ ಉತ್ತರಿಸಿಲ್ಲ. ಹುದ್ದೆ ಉಳಿಯುವುದೋ ಇಲ್ಲವೋ ಎಂಬ ಆತಂಕ ಅವರಿಗಿದೆ. ನಮ್ಮ ಭೇಟಿಗಳು ಮುಂದುವರಿದಿವೆ. ಹಿಂದಿನ ವಾರ ಅವರೇ ಹೇಳಿದರು: ಊಟದ ಟ್ರೇಯ ಎಡ ಅಂಚಿಗೆ ಥೆರಪಿಸ್ಟ್ ಕೆಂಪು ಟೇಪ್ ಅಂಟಿಸಿದ್ದಾರೆ. ಹಿರಿಯರು ಅದನ್ನು ಹುಡುಕುತ್ತಾ ತಲೆ ತಿರುಗಿಸುತ್ತಾರೆ, ಅಲ್ಲಿದ್ದ ಬಟಾಣಿಯನ್ನು ಕಂಡು ಚಮಚ ಅತ್ತ ಒಯ್ಯುತ್ತಾರೆ.