ಕಡೂರಿಗೆ ಬಂದ ಮೇಲೆ ಹೊಟ್ಟೆ ಸರಿಯಿಲ್ಲ, ಬೋರ್‌ವೆಲ್‌ನ ಗಡಸು ನೀರು ಕಾರಣವೇ?

ಎರಡು ವಾರದ ಭೇದಿಯನ್ನು ಸುಣ್ಣದಂಶವಿರುವ ಗಡಸು ನೀರಿನ ತಲೆಗೆ ಕಟ್ಟಬೇಡಿ. ನಾಲ್ಕೈದು ದಿನದ್ದಾಗಿದ್ದರೆ ನಾನೂ ಅದನ್ನೇ ದೂರುತ್ತಿದ್ದೆ.

ಮಲೆನಾಡಿನ ಕೊಪ್ಪದಿಂದ ಬಯಲುಸೀಮೆಯ ಕಡೂರಿಗೆ ಬಂದಿದ್ದೀರಿ, ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತಿದೆ, ಕರುಳಿನಲ್ಲೂ ಹೀಗೆಯೇ ಕಟ್ಟುತ್ತದೆಯೇ ಎಂಬುದು ನಿಮ್ಮ ಭಯ. ಮೂಡಿಗೆರೆಯ ಬಾವಿ ನೀರು ಕುಡಿದು ಬೆಳೆದ ನನಗೂ ಇಲ್ಲಿಗೆ ಬಂದ ಹೊಸತರಲ್ಲಿ ಅದೇ ಭಯವಿತ್ತು. ಕುಕ್ಕರ್ ಆರು ಸಲ ಕೂಗಿದರೂ ತೊಗರಿಬೇಳೆ ಬೇಳೆಯಾಗಿಯೇ ಉಳಿಯುತ್ತಿತ್ತು. ನೀರಿನ ಕ್ಯಾಲ್ಸಿಯಂ ಬೇಳೆಯೊಳಗಿನ ಪೆಕ್ಟಿನ್ ಎಂಬ ಅಂಟು ನಾರಿಗೆ ಅಂಟಿಕೊಂಡು ಅದನ್ನು ಬಿಗಿಮಾಡುತ್ತದೆ. ಪಕ್ಕದ ಮನೆಯ ಅಜ್ಜಿ ಚಿಟಿಕೆ ಅಡುಗೆ ಸೋಡ ಹಾಕಲು ಹೇಳಿಕೊಟ್ಟು, "ಹೊಟ್ಟೆಗೂ ನೀರು ಒಗ್ಗಬೇಕು ಕಣಪ್ಪ" ಎಂದರು.

ಆ ಬಿಳಿ ಪದರದ ಮೇಲೆ ನಿಂಬೆಹಣ್ಣು ಹಿಂಡಿ ನೋಡಿ. ಬುರುಬುರು ನೊರೆ ಬಂದು ಕರಗುತ್ತದೆ. ಜಠರದಲ್ಲಿರುವುದು ನಿಂಬೆಯ ಹುಳಿಗಿಂತ ತೀಕ್ಷ್ಣವಾದ ಹೈಡ್ರೋಕ್ಲೋರಿಕ್ ಆಮ್ಲ. ಅಲ್ಲಿ ಸುಣ್ಣ ಪದರ ಕಟ್ಟುವ ಮಾತೇ ಇಲ್ಲ. ಕ್ಯಾಲ್ಸಿಯಂ ದೇಹಕ್ಕೆ ಬೇಕಾದದ್ದೇ.

ಹೊಟ್ಟೆಯನ್ನು ಸಡಿಲಿಸುವ ಜೋಡಿ ಬೇರೆ: ಮೆಗ್ನೀಸಿಯಂ ಮತ್ತು ಸಲ್ಫೇಟ್. ಎರಡೂ ಸೇರಿದರೆ ಮಲಬದ್ಧತೆಗೆ ಕೊಡುವ ಎಪ್ಸಮ್ ಉಪ್ಪು. ಕರುಳು ಇವನ್ನು ಪೂರ್ತಿ ಹೀರಿಕೊಳ್ಳುವುದಿಲ್ಲ. ಉಳಿದದ್ದು ನೀರನ್ನು ಕರುಳಿನಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ಯುರೋಪಿನಲ್ಲಿ ಇಂಥ ಖನಿಜ ನೀರನ್ನು ಹೊಟ್ಟೆ ಕಟ್ಟಿದವರು ಬೇಕೆಂದೇ ಕುಡಿಯುತ್ತಾರೆ. ನಮ್ಮ ದೇಶದ ಮಾನಕದಲ್ಲಿ ಲೀಟರಿಗೆ 200 ಮಿಲಿಗ್ರಾಂ ಸಲ್ಫೇಟ್ ಸರಿ, ಬೇರೆ ನೀರೇ ಸಿಗದಿದ್ದರೆ 400ರವರೆಗೆ. ಅದಕ್ಕಿಂತ ಬಹಳ ಹೆಚ್ಚಾದಾಗ ಹೊಸಬರ ಹೊಟ್ಟೆ ಕೆಡಬಹುದು, ಊರಿನವರಿಗೆ ಸಾಮಾನ್ಯವಾಗಿ ಗೊತ್ತೇ ಆಗುವುದಿಲ್ಲ. ಅಜ್ಜಿ ಹೇಳಿದ ಒಗ್ಗುವಿಕೆ ಇದೇ.

ಖನಿಜ ನೀರು ಕರುಳಿನ ಬ್ಯಾಕ್ಟೀರಿಯಾಗಳನ್ನು ಉದ್ಧಾರ ಮಾಡುತ್ತದೆ ಎಂದು ಬಾಟಲಿ ಮಾರುವವರು ಹೇಳುವುದನ್ನು ಮಾತ್ರ ನಾನು ನಂಬುವುದಿಲ್ಲ. ಆ ಕೆಲಸಕ್ಕೆ ರಾಗಿ ಮುದ್ದೆ, ಸೊಪ್ಪಿನ ಸಾರಿನ ನಾರು ಸಾಕು.

ನಿಮ್ಮ ವಿಷಯದಲ್ಲಿ ನನ್ನ ಅನುಮಾನ ರೋಗಾಣುಗಳ ಮೇಲೆ. ಮನೆಯ ತೊಟ್ಟಿ ತೊಳೆದು ಎಷ್ಟು ದಿನವಾಯಿತು? ಪೈಪು ಚರಂಡಿಯ ಪಕ್ಕ ಹಾದು ಬಂದಿದೆಯೇ? ಇವತ್ತಿನಿಂದಲೇ ನೀರನ್ನು ಕುದಿಸಿ ಕುಡಿಯಿರಿ. ಎರಡು ವಾರವಾಗಿರುವುದರಿಂದ ವೈದ್ಯರಿಗೂ ತೋರಿಸಿ; ಜ್ವರ ಅಥವಾ ಮಲದಲ್ಲಿ ರಕ್ತವಿದ್ದರೆ ನಾಳೆಗೆಂದು ಕಾಯಬೇಡಿ.

ಕುದಿಸಿದರೆ ರೋಗಾಣು ಸಾಯುತ್ತದೆ, ಸುಣ್ಣ ಒಂದಿಷ್ಟು ತಳಕ್ಕಿಳಿಯುತ್ತದೆ. ಸಲ್ಫೇಟ್ ಮತ್ತು ಫ್ಲೋರೈಡ್ ಹೋಗುವುದಿಲ್ಲ. ಬಯಲುಸೀಮೆಯ ಕೊಳವೆ ಬಾವಿಗಳಲ್ಲಿ ನಾನು ಹೆದರುವುದು ಈ ಫ್ಲೋರೈಡ್‌ಗೆ. ಬಣ್ಣವಿಲ್ಲ, ಪಾತ್ರೆಗೆ ಅಂಟುವುದಿಲ್ಲ, ಪ್ರಮಾಣ ಹೆಚ್ಚಿದ್ದು ವರ್ಷಗಟ್ಟಲೆ ಕುಡಿದರೆ ಹಲ್ಲು ಮತ್ತು ಮೂಳೆಯನ್ನು ಕೆಡಿಸುತ್ತದೆ. ಆದ್ದರಿಂದ ನೀರನ್ನು ಒಮ್ಮೆ ಪ್ರಯೋಗಾಲಯಕ್ಕೆ ಕೊಡಿ. ರೋಗಾಣು ಪರೀಕ್ಷೆಗೆ ಅವರೇ ಕೊಡುವ ಶುದ್ಧ ಬಾಟಲಿ ಬೇಕು, ಮನೆಯ ತಂಪು ಪಾನೀಯದ ಬಾಟಲಿ ನಡೆಯುವುದಿಲ್ಲ. ವರದಿ ಬಂದಾಗ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಿದ್ದರೆ ಕುಡಿಯಲೂ ಅಡುಗೆಗೂ ಆರ್‌ಒ ಘಟಕದ ಕ್ಯಾನ್ ನೀರನ್ನೇ ಬಳಸಿ. ದಾಟಿಲ್ಲದಿದ್ದರೆ ಬೇಳೆ ಬೇಯಿಸಲು ಮಾತ್ರ ಆ ನೀರು ತನ್ನಿ, ಸೋಡ ಹಾಕುವುದು ತಪ್ಪುತ್ತದೆ.